ಊರು ಬೆಳೆಯುವ ಮುನ್ನ

ಬಯಲುಸೀಮೆಯ ಯಾವುದಾದರೊಂದು ಹಳೆಯ ಊರಿನ ಕೆರೆಯ ಏರಿಯ ಮೇಲೆ ನಿಂತು ನೋಡಿದರೆ, ಊರಿನ ನಕಾಶೆ ತಾನಾಗಿ ಕಣ್ಣಿಗೆ ಕಟ್ಟುತ್ತದೆ. ಏರಿಯ ಒಂದು ಬದಿಗೆ ನೀರು. ಇನ್ನೊಂದು ಬದಿಗೆ ತೂಬಿನ ನೀರುಂಡು ಬೆಳೆಯುವ ಗದ್ದೆ, ತೆಂಗಿನ ತೋಟ. ಗದ್ದೆಗಿಂತ ತುಸು ಎತ್ತರದ ನೆಲದಲ್ಲಿ ಕೋಟೆ, ಕೋಟೆಗೆ ತಾಗಿಕೊಂಡು ಪೇಟೆ, ಪೇಟೆಯ ಹೊರಗೆ ಸಂತೆಯ ಮೈದಾನ. ಅದರಾಚೆ ಗುಂಡುತೋಪು, ಗೋಮಾಳ, ಸ್ಮಶಾನ. ಕೆರೆ ತುಂಬಿದ ವರ್ಷ ಹೆಚ್ಚಿನ ನೀರು ಕೋಡಿ ಬಿದ್ದು, ಹಳ್ಳ ಹಿಡಿದು, ಮುಂದಿನ ಊರಿನ ಕೆರೆಯನ್ನು ಸೇರುತ್ತದೆ. ಕೆರೆ ಕಟ್ಟಿಸಿದವರ ಹೆಸರು ಒಮ್ಮೊಮ್ಮೆ ಶಾಸನದಲ್ಲಿ ದೊರೆಯುವುದುಂಟು; ಊರಿನ ನೆಲವನ್ನು ಇಷ್ಟು ವಿವೇಕದಿಂದ ಹಂಚಿಟ್ಟವರ ಹೆಸರು ಮಾತ್ರ ಎಲ್ಲಿಯೂ ದೊರೆಯದು.

ಈ ಹಂಚಿಕೆ ನಿರ್ದೋಷವಾಗಿತ್ತೆಂದು ಯಾರೂ ಹೇಳಲಾರರು. ದುಡಿಯುವ ಜನರ ಕೇರಿಯನ್ನು ಊರಿನ ಹೊರಗೆ, ಅನೇಕ ವೇಳೆ ತಗ್ಗಿನಲ್ಲಿ ಇರಿಸಿದ ಅನ್ಯಾಯವೂ ಅದೇ ನಕಾಶೆಯಲ್ಲಿ ಕಾಣುತ್ತದೆ. ಆದರೆ ನೀರಿನ ವಿಷಯದಲ್ಲಿ ಹಿರಿಯರು ಎಚ್ಚರ ತಪ್ಪಲಿಲ್ಲ. ಕೆರೆಯ ನೀರುಣ್ಣುವ ಭೂಮಿಗೆ ಅವರು ಇಟ್ಟ ಹೆಸರು ಅಚ್ಚುಕಟ್ಟು. ಓರಣಕ್ಕೂ ಕನ್ನಡದಲ್ಲಿ ಅದೇ ಮಾತು ಸಲ್ಲುತ್ತದೆ.

ಇಂದು ಆ ಅಚ್ಚುಕಟ್ಟಿನ ಗದ್ದೆಗಳಲ್ಲಿ ಪೈರಿನ ಬದಲು ಕಲ್ಲು ಕಂಬಗಳು ಎದ್ದಿವೆ. ಊರ ಹೊರಗೆ ಹೆದ್ದಾರಿ ಬಂದಿತು. ಬಸ್ ನಿಲ್ದಾಣ ಪೇಟೆಯಿಂದ ಹೆದ್ದಾರಿಯ ಕಡೆಗೆ ಸರಿಯಿತು. ಅದರ ಹಿಂದೆಯೇ ಪೆಟ್ರೋಲ್ ಬಂಕು, ಕಲ್ಯಾಣಮಂಟಪ, ಕಾಲೇಜುಗಳು ಸರಿದವು. ನಿನ್ನೆಯವರೆಗೆ ಎಕರೆಯ ಲೆಕ್ಕದಲ್ಲಿ ಮಾತಾಡುತ್ತಿದ್ದ ಊರು ಗುಂಟೆಯ ಲೆಕ್ಕಕ್ಕೆ, ಗುಂಟೆಯಿಂದ ಚದರಡಿಯ ಲೆಕ್ಕಕ್ಕೆ ಇಳಿಯಿತು. 2020ರಲ್ಲಿ ಭೂಸುಧಾರಣಾ ಕಾನೂನಿಗೆ ತಿದ್ದುಪಡಿಯಾಗಿ, ಕೃಷಿಕರಲ್ಲದವರೂ ಕೃಷಿಭೂಮಿಯನ್ನು ಕೊಳ್ಳುವ ದಾರಿ ತೆರೆದುಕೊಂಡಿತು. ಬೆಂಗಳೂರಿನಲ್ಲಿ ನೆಲೆಸಿದ ಮಕ್ಕಳಿಗೆ ಹುಟ್ಟೂರಿನಲ್ಲಿ ಒಂದು ಮೂವತ್ತು–ನಲವತ್ತರ ನಿವೇಶನವಿರಲಿ ಎಂಬ ಆಸೆ ಮೊದಲೇ ಇತ್ತು.

ಈ ಆಸೆಯ ಹಿಂದಿನ ಗಣಿತವನ್ನು ಒಮ್ಮೆ ನೋಡಬೇಕು. ಒಂದು ಎಕರೆಗೆ 40 ಗುಂಟೆ, ಎಂದರೆ 43,560 ಚದರಡಿ. ಮೂವತ್ತು–ನಲವತ್ತರ ನಿವೇಶನ 1,200 ಚದರಡಿ. ಒಂದು ಗುಂಟೆಗಿಂತ ತುಸು ಹೆಚ್ಚು. ಅಗಲವಾದ ರಸ್ತೆ, ಚರಂಡಿ, ಉದ್ಯಾನ, ಶಾಲೆಯಂಥ ಸಾರ್ವಜನಿಕ ಅಗತ್ಯಗಳಿಗೆ ಅರ್ಧದಷ್ಟು ನೆಲವನ್ನು ಬಿಟ್ಟರೆ, ಎಕರೆಗೆ 18 ನಿವೇಶನಗಳು ದೊರೆಯುತ್ತವೆ. ಉದ್ಯಾನವನ್ನು ಕೈಬಿಟ್ಟು, ರಸ್ತೆಯನ್ನು ಕಿರಿದು ಮಾಡಿ, ನೂರಕ್ಕೆ ಎಪ್ಪತ್ತರಷ್ಟು ನೆಲವನ್ನು ಮಾರಿದರೆ 25. ಈ ಹೆಚ್ಚಿನ ಏಳು ನಿವೇಶನಗಳೇ ಬಡಾವಣೆ ಮಾಡಿದವನ ಜಾಣತನ. ಅವುಗಳ ಬೆಲೆ ಅವನ ಜೇಬಿಗೆ ಸೇರುತ್ತದೆ. ಅವುಗಳಿಂದಾಗುವ ನಷ್ಟವನ್ನು ಊರು ತಲೆತಲಾಂತರದವರೆಗೆ ತೆರುತ್ತದೆ. ಬೆಂಕಿ ನಂದಿಸುವ ವಾಹನ ತಿರುಗಲಾರದ ಬೀದಿ, ಮಕ್ಕಳಿಗೆ ಆಡಲು ಅಂಗಳವಿಲ್ಲದ ಕೇರಿ, ಹರಿದುಹೋಗಲು ಹಾದಿಯಿಲ್ಲದೆ ನಿಂತ ಕೊಳಚೆ, ಇವೆಲ್ಲ ಆ ಏಳು ನಿವೇಶನಗಳ ಬಡ್ಡಿ.

ಒಬ್ಬ ನಿವೃತ್ತ ಉಪಾಧ್ಯಾಯರನ್ನು ಕಲ್ಪಿಸಿಕೊಳ್ಳಬಹುದು. ಮೂವತ್ತು ವರ್ಷ ಸೇವೆ ಸಲ್ಲಿಸಿ, ಬಂದ ಹಣದಲ್ಲಿ ಮಗಳ ಮದುವೆ ಮುಗಿಸಿ, ಉಳಿದುದರಲ್ಲಿ ಕೆರೆಯ ಕೆಳಗೊಂದು ನಿವೇಶನ ಕೊಳ್ಳುತ್ತಾರೆ. ಬೇಸಗೆಯಲ್ಲಿ ನೋಡಿದಾಗ ಅದು ಸಮತಟ್ಟಾದ ಒಣ ನೆಲ, ತಂಪಾದ ಗಾಳಿ, ಬಾವಿ ತೋಡಿದರೆ ಹತ್ತಿರದಲ್ಲಿಯೇ ನೀರು. ನೋಂದಣಿ ಕಚೇರಿಯಲ್ಲಿ ಪತ್ರ ನೋಂದಾಯಿತವಾದೊಡನೆ ಎಲ್ಲವೂ ಸರಿಯಾಯಿತೆಂದು ನಂಬುತ್ತಾರೆ. ಆದರೆ ಅಲ್ಲಿ ನೋಂದಾಯಿತವಾದುದು ಮಾರಾಟವೇ ಹೊರತು ಬಡಾವಣೆಯ ಯೋಗ್ಯತೆಯಲ್ಲ. ಕೃಷಿಭೂಮಿಯನ್ನು ಮನೆಗಾಗಿ ಬಳಸಬೇಕಾದರೆ 1964ರ ಭೂಕಂದಾಯ ಕಾನೂನಿನಂತೆ ಭೂಪರಿವರ್ತನೆಯಾಗಬೇಕು. ಬಡಾವಣೆಯ ನಕಾಶೆಗೆ ಯೋಜನಾ ಪ್ರಾಧಿಕಾರದ ಒಪ್ಪಿಗೆ ಬೇಕು. ಇವೆರಡೂ ಇಲ್ಲದ ಸ್ಥಳಕ್ಕೆ ಜನ ‘ರೆವಿನ್ಯೂ ಸೈಟು’ ಎಂದು ಗೌರವದ ಹೆಸರನ್ನು ಕೊಟ್ಟಿದ್ದಾರೆ. ಮನೆ ಎದ್ದ ಮೇಲೆ, ಒಳ್ಳೆಯ ಮಳೆಯ ವರ್ಷವೊಂದರಲ್ಲಿ ಕೆರೆ ಕೋಡಿ ಬೀಳುತ್ತದೆ. ನೀರು ತನ್ನ ಹಳೆಯ ಹಳ್ಳವನ್ನು ಹುಡುಕಿಕೊಂಡು ಉಪಾಧ್ಯಾಯರ ನಡುಮನೆಗೆ ಬರುತ್ತದೆ. ಅದನ್ನು ಅತಿಕ್ರಮಣವೆಂದು ಕರೆಯುವುದು ಹೇಗೆ? ಆ ಜಾಗದಲ್ಲಿ ಅವರಿಗಿಂತ ನೀರೇ ಹಳೆಯ ನಿವಾಸಿ.

ಇದಕ್ಕೆ ಕಾನೂನು ಇಲ್ಲವೆಂದಲ್ಲ. ಅಂದಿನ ಮೈಸೂರು ರಾಜ್ಯ 1961ರಲ್ಲಿಯೇ ನಗರ ಮತ್ತು ಗ್ರಾಮಾಂತರ ಯೋಜನಾ ಕಾನೂನನ್ನು ಮಾಡಿತು. ಎಲ್ಲಿ ವಾಸ, ಎಲ್ಲಿ ವ್ಯಾಪಾರ, ಎಲ್ಲಿ ಕೈಗಾರಿಕೆ, ಎಲ್ಲಿ ಉದ್ಯಾನ, ಎಲ್ಲಿ ಬೇಸಾಯವೆಂದು ಬಣ್ಣ ತುಂಬಿ ತೋರಿಸುವ ಮಹಾಯೋಜನೆಗೆ ಆಧಾರ ಅದೇ. ಅದಕ್ಕೂ ಹಿಂದೆ, ಪ್ಲೇಗಿನ ಹಾವಳಿಯಿಂದ ಪಾಠ ಕಲಿತ ಮೈಸೂರು ನಗರಕ್ಕೆ 1903ರಲ್ಲಿ ಅಭಿವೃದ್ಧಿ ವಿಶ್ವಸ್ಥ ಮಂಡಲಿ ಹುಟ್ಟಿತ್ತು. 1992ರ ಸಂವಿಧಾನದ 74ನೆಯ ತಿದ್ದುಪಡಿ ಪಟ್ಟಣ ಯೋಜನೆಯನ್ನು ಪುರಸಭೆಗಳಿಗೆ ವಹಿಸಬಹುದಾದ ವಿಷಯಗಳ ಪಟ್ಟಿಯಲ್ಲಿ ಮೊದಲನೆಯದಾಗಿ ಇರಿಸಿತು. ಆದರೆ ಸಣ್ಣ ಊರಿನ ಕಷ್ಟವೇ ಬೇರೆ. ಹತ್ತು ಸಾವಿರದಿಂದ ಇಪ್ಪತ್ತು ಸಾವಿರದವರೆಗಿನ ಜನಸಂಖ್ಯೆಯ ಊರು ನಮ್ಮಲ್ಲಿ ಪಟ್ಟಣ ಪಂಚಾಯತಿ. ಅದು ಪೂರ್ತಿ ಹಳ್ಳಿಯೂ ಅಲ್ಲ, ಪೂರ್ತಿ ಪಟ್ಟಣವೂ ಅಲ್ಲ. ಅದರ ಎಲ್ಲೆ ಮುಗಿದೊಡನೆ ಗ್ರಾಮ ಪಂಚಾಯತಿ ಆರಂಭವಾಗುತ್ತದೆ. ಬಡಾವಣೆಗಳು ಹುಟ್ಟುವುದು ಹೆಚ್ಚಾಗಿ ಆ ಎಲ್ಲೆಯ ಆಚೆಗೇ. ಊರು ಬೆಳೆದು ಆ ಬಡಾವಣೆಯನ್ನು ನುಂಗಿದ ದಿನ, ಅದರ ಚರಂಡಿಯ ಸಾಲವೂ ಊರಿನ ಪಾಲಿಗೆ ಬರುತ್ತದೆ. ಬಳಿಕ ಉಳಿಯುವ ಉಪಾಯ ‘ಅಕ್ರಮ–ಸಕ್ರಮ’ವೊಂದೇ. ದಂಡ ಕಟ್ಟಿಸಿಕೊಂಡು ಕಾಗದವನ್ನು ಸಕ್ರಮಗೊಳಿಸಬಹುದು. ತಗ್ಗನ್ನು ಸಕ್ರಮಗೊಳಿಸಿ ಎತ್ತರ ಮಾಡುವುದು ಯಾರಿಂದಲೂ ಆಗದು.

ಸಣ್ಣ ಊರು ಸಣ್ಣದಾಗಿಯೇ ಉಳಿಯುತ್ತದೆಂಬ ಭ್ರಮೆಯೂ ಬೇಡ. ಮಂಡ್ಯವೇ ಸಾಕ್ಷಿ. ಕೃಷ್ಣರಾಜಸಾಗರದ ನಾಲೆಯ ನೀರು ಸುತ್ತಲಿನ ಹೊಲಗಳಿಗೆ ಹರಿಯಿತು. 1933ರಲ್ಲಿ ಸಕ್ಕರೆ ಕಂಪೆನಿ ಸ್ಥಾಪಿತವಾಯಿತು. 1939ರಲ್ಲಿ ಊರು ಜಿಲ್ಲೆಯ ಮುಖ್ಯಸ್ಥಳವಾಯಿತು. 2011ರ ಜನಗಣತಿಯ ಹೊತ್ತಿಗೆ ಅಲ್ಲಿ 1 ಲಕ್ಷ 37 ಸಾವಿರ ಜನರಿದ್ದರು. ನೀರು, ಕಾರ್ಖಾನೆ, ಕಚೇರಿ ಇವು ಮೂರು ಕೂಡಿದರೆ ಊರಿನ ಹಣೆಬರಹ ಒಂದು ತಲೆಮಾರಿನಲ್ಲಿ ಬದಲಾಗುತ್ತದೆ.

ಹಾಗಾದರೆ ಯೋಜನೆಯನ್ನು ಎಲ್ಲಿಂದ ಆರಂಭಿಸಬೇಕು? ಈ ಪ್ರಶ್ನೆಗೆ ನೂರು ವರ್ಷಗಳ ಹಿಂದೆ ಉತ್ತರ ಕೊಟ್ಟವರು ಪ್ಯಾಟ್ರಿಕ್ ಗೆಡ್ಡೀಸ್. ಸ್ಕಾಟ್ಲೆಂಡಿನ ಈ ಜೀವವಿಜ್ಞಾನಿ 1914ರಲ್ಲಿ ಭಾರತಕ್ಕೆ ಬಂದು, ಇಲ್ಲಿನ ಅನೇಕ ಊರುಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ ವರದಿಗಳನ್ನು ಬರೆದರು. ರೋಗವನ್ನು ಪರೀಕ್ಷಿಸದೆ ಮದ್ದು ಕೊಡಬಾರದೆಂಬುದು ಅವರ ಸೂತ್ರ. ಹಳೆಯ ಪೇಟೆಯನ್ನು ಕೆಡವಿ ನೇರ ರಸ್ತೆ ಎಳೆಯುವವರನ್ನು ಅವರು ಒಪ್ಪಲಿಲ್ಲ. ಕೆಟ್ಟುಹೋದ ಒಂದೆರಡು ಮನೆಗಳನ್ನಷ್ಟೇ ತೆಗೆದು, ಉಳಿದುದಕ್ಕೆ ಗಾಳಿ ಬೆಳಕು ಬರುವಂತೆ ಮಾಡುವುದು ಅವರ ಪದ್ಧತಿ. ಸೊಳ್ಳೆಗೆ ಹೆದರಿ ಕೆರೆಕಟ್ಟೆಗಳನ್ನು ಮುಚ್ಚಿಸುವವರಿಗೆ, ಅವುಗಳಲ್ಲಿ ಮೀನು ಬಾತುಗಳನ್ನು ಸಾಕಿರೆಂದು ಸಲಹೆಯಿತ್ತರು.

ಇಂದೂರಿನಲ್ಲಿ ಅವರು ಮಾಡಿದ ಕಾರ್ಯ ಸ್ವಾರಸ್ಯವಾದುದು. ಊರಿನಲ್ಲಿ ಪ್ಲೇಗು, ಅಧಿಕಾರಿಗಳೆಂದರೆ ಜನಕ್ಕೆ ಸಂಶಯ. ಗೆಡ್ಡೀಸರು ಒಂದು ದಿನದ ಮಟ್ಟಿಗೆ ಅರಸರ ಅಧಿಕಾರವನ್ನು ಪಡೆದು ದೀಪಾವಳಿಗೆ ದೊಡ್ಡ ಮೆರವಣಿಗೆಯನ್ನು ಏರ್ಪಡಿಸಿದರು. ಯಾವ ಕೇರಿಯವರು ಮನೆ ಬೀದಿಗಳನ್ನು ಚೊಕ್ಕಟಗೊಳಿಸುವರೋ ಆ ಕೇರಿಯಲ್ಲಿಯೇ ಮೆರವಣಿಗೆ ಹಾಯುವುದೆಂದು ಸಾರಿಸಿದರು. ಊರು ಊರೇ ಪೊರಕೆ ಹಿಡಿಯಿತು. ಮೆರವಣಿಗೆಯಲ್ಲಿ ಪ್ಲೇಗಿನ ಇಲಿಯೂ ಕೊಳೆಯ ದೈತ್ಯನೂ ಬಂದರು. ಬಿಳಿಯ ಬಟ್ಟೆ ತೊಟ್ಟ ಪೌರಕಾರ್ಮಿಕರು ಗೌರವದ ಸ್ಥಾನದಲ್ಲಿ ನಡೆದರು. ಕೊನೆಗೆ ದೈತ್ಯನಿಗೆ ಬೆಂಕಿ ಬಿದ್ದಿತು. 1918ರಲ್ಲಿ ಇಂದೂರಿನ ವರದಿ ಪ್ರಕಟವಾಯಿತು. ಯೋಜನೆ ಕಚೇರಿಯ ಗೋಡೆಗೆ ತೂಗುವ ಚಿತ್ರವಲ್ಲ, ಊರವರು ತಮ್ಮದೆಂದು ನಡೆಸಬೇಕಾದ ಕಾರ್ಯವೆಂಬುದನ್ನು ಅವರು ಭಾಷಣವಿಲ್ಲದೆ ತಿಳಿಸಿದ್ದರು.

ನಮ್ಮ ಸಣ್ಣ ಊರುಗಳಿಗೂ ಇದೇ ಹಾದಿ ಸಾಲದೆ? ಮೊದಲ ದೊಡ್ಡ ಮಳೆಯ ದಿನ ಪಂಚಾಯತಿಯ ಸದಸ್ಯರು, ಶಾಲೆಯ ಮಕ್ಕಳು, ಊರಿನ ಹಿರಿಯರು ಕೊಡೆ ಹಿಡಿದು ಒಂದು ಸುತ್ತು ನಡೆದು, ನೀರು ಎಲ್ಲಿ ನಿಂತಿತು, ಎಲ್ಲಿ ಹರಿಯಿತು ಎಂಬುದನ್ನು ಗುರುತು ಹಾಕಿಕೊಳ್ಳಲಿ. ಆ ಗುರುತನ್ನು ಹಳೆಯ ಗ್ರಾಮನಕಾಶೆಯೊಡನೆ ಹೋಲಿಸಲಿ. ಹಳ್ಳ, ಕಟ್ಟೆ, ಬಂಡಿದಾರಿಗಳು ಅದರಲ್ಲಿ ಇನ್ನೂ ಉಳಿದಿವೆ. ಕೋಡಿಯ ಹಳ್ಳ, ಸಂತೆಯ ಮೈದಾನ, ಗುಂಡುತೋಪು, ಸ್ಮಶಾನ ಇವಿಷ್ಟನ್ನು ಮುಟ್ಟಬಾರದೆಂದು ಮೊದಲು ಗೆರೆ ಎಳೆಯಲಿ. ಮನೆಗಳ ಮಾತು ಅನಂತರ. ಬೆಳೆಯಬೇಕಾದ ಊರನ್ನು ಎತ್ತರದ ಒಣಭೂಮಿಯ ಕಡೆಗೆ ಕರೆದೊಯ್ಯಲಿ. ತಗ್ಗಿನ ಕೇರಿಯವರಿಗೆ ಅಲ್ಲಿ ಮೊದಲ ಪಾಲಿರಲಿ. ನೆಲವೆಲ್ಲ ರೈತರದಾಯಿತಲ್ಲ, ರಸ್ತೆಗೆ ಜಾಗವೆಲ್ಲಿ ಎನ್ನುವವರಿಗೆ, 1915ರ ಮುಂಬಯಿ ಪಟ್ಟಣ ಯೋಜನಾ ಕಾನೂನಿನ ಕಾಲದಿಂದ ಬಂದ ಪದ್ಧತಿಯೊಂದುಂಟು. ಗುಜರಾತಿನಲ್ಲಿ ಇಂದಿಗೂ ಅದು ಬಳಕೆಯಲ್ಲಿದೆ. ಅಕ್ಕಪಕ್ಕದ ಒಡೆಯರು ತಂತಮ್ಮ ಭೂಮಿಯ ಒಂದು ಪಾಲನ್ನು ರಸ್ತೆ ಉದ್ಯಾನಗಳಿಗೆ ಬಿಟ್ಟು, ಉಳಿದುದನ್ನು ಓರಣವಾದ ಆಕಾರದಲ್ಲಿ ಮರಳಿ ಪಡೆಯುತ್ತಾರೆ. ನೆಲ ಕಡಮೆಯಾದರೂ ಅದರ ಬೆಲೆ ಹೆಚ್ಚುತ್ತದೆ. ಒಕ್ಕಲೆಬ್ಬಿಸಿದರೆಂಬ ಕೊರಗೂ ಇರದು.

ನಿವೇಶನ ಕೊಳ್ಳಹೊರಟ ಗೃಹಸ್ಥರು ಪಹಣಿ, ಪರಿವರ್ತನೆ, ಬಡಾವಣೆಯ ಒಪ್ಪಿಗೆ ಈ ಮೂರನ್ನೂ ನೋಡುವುದು ಸರಿಯೇ. ನಾಲ್ಕನೆಯದೊಂದನ್ನೂ ಮರೆಯಬಾರದು. ಪಕ್ಕದ ಹೊಲದಲ್ಲಿ ದನ ಮೇಯಿಸುವ ಮುದುಕನನ್ನು ಕಂಡು, “ಅಜ್ಜಾ, ಕೆರೆ ಕೋಡಿ ಬಿದ್ದಾಗ ನೀರು ಯಾವ ಕಡೆ ಹೋಗುತ್ತಿತ್ತು?” ಎಂದು ಕೇಳಬೇಕು. ಆತ ಕೈಯೆತ್ತಿ ತೋರಿಸಿದ ಕಡೆಗೆ ಮನೆ ಕಟ್ಟದಿದ್ದರೆ ಅಷ್ಟು ಕ್ಷೇಮ.