ಹೇಳಿಕೊಂಡರೆ ಮಾತ್ರ ಮನೆಮದ್ದು

ನಮ್ಮ ಸಮಾಜದಲ್ಲಿ ವ್ಯಾಧಿಗಳಿಗೂ ಅಂತಸ್ತುಂಟು. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳು ಮದುವೆಮನೆಯ ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತೇ ಚರ್ಚಿಸಬಹುದಾದ ಗೌರವಾನ್ವಿತ ಕಾಯಿಲೆಗಳು. ಮಂಡಿನೋವಿಗಂತೂ ಉದ್ಯಾನದ ಕಲ್ಲುಬೆಂಚೇ ಸಭಾಂಗಣ. ಆದರೆ ಗುದದ್ವಾರದ ಸೀಳಿಗೆ ಈ ಭಾಗ್ಯವಿಲ್ಲ. ಅದನ್ನು ಅನುಭವಿಸುವವರು ಹೆಂಡತಿಗೂ ಹೇಳರು, ಗಂಡನಿಗೂ ಹೇಳರು, ವೈದ್ಯರ ಮುಂದೆ ಕುಳಿತಾಗಲೂ ‘ಸ್ವಲ್ಪ ಉಷ್ಣ ಆಗಿದೆ’ ಎಂದು ಮಾತು ತೇಲಿಸುತ್ತಾರೆ. ಈ ಮೌನದ ವಿರುದ್ಧ ನಾಲ್ಕು ಮಾತು ಬರೆಯಬೇಕೆನಿಸಿತು. ವಿಷಯದ ಬಗ್ಗೆ ಮುಜುಗರಪಡುವ ಓದುಗರು ಮನ್ನಿಸಬೇಕು.

ಮೊದಲು ಹೆಸರಿನ ವಿಚಾರ. ಮಲದೊಡನೆ ರಕ್ತ ಕಂಡರೆ ಸಾಕು, ನಾವು ‘ಮೂಲವ್ಯಾಧಿ’ ಎಂದುಬಿಡುತ್ತೇವೆ. ಆದರೆ ಇವು ಎರಡು ಬೇರೆ ವ್ಯಾಧಿಗಳು. ಮೂಲವ್ಯಾಧಿ ಎಂದರೆ ಒಳಗಿನ ರಕ್ತನಾಳಗಳ ಮೆತ್ತೆ ಊದಿಕೊಳ್ಳುವುದು. ಅದರಲ್ಲಿ ಸಾಮಾನ್ಯವಾಗಿ ರಕ್ತ ಬಂದರೂ ನೋವಿರುವುದಿಲ್ಲ. ಸೀಳಾದರೋ ಗುದನಾಳದ ಒಳಪದರ ಹರಿದು ಆದ ಗಾಯ. ಇಂಗ್ಲಿಷ್ ವೈದ್ಯರು ಫಿಶರ್ ಎನ್ನುವುದು ಇದನ್ನೇ. ವಿಸರ್ಜನೆಯ ವೇಳೆ ಗಾಜಿನ ಚೂರು ಕೊರೆದಂಥ ನೋವು, ಅನಂತರವೂ ಗಂಟೆಗಟ್ಟಲೆ ಉರಿ, ಒಂದಷ್ಟು ಹನಿ ಕೆಂಪು ರಕ್ತ: ಇವು ಅದರ ಲಕ್ಷಣ. ನಮ್ಮ ಆಯುರ್ವೇದ ಗ್ರಂಥಗಳು ಮೂಲವ್ಯಾಧಿಯನ್ನು ‘ಅರ್ಶಸ್ಸು’ ಎಂದು ಕರೆದು, ಈ ಕೊರೆಯುವ ನೋವಿಗೆ ‘ಪರಿಕರ್ತಿಕಾ’ ಎಂಬ ಬೇರೆಯ ಹೆಸರನ್ನೇ ಇಟ್ಟಿವೆ. ಸುತ್ತಲೂ ಕತ್ತರಿಸುವಂಥದು ಎಂದು ಅದರ ಅರ್ಥ. ನಮ್ಮ ‘ಕತ್ತರಿ’ಯೂ ಅದೇ ಧಾತುವಿನಿಂದ ಬಂದ ಪದ. ಚರಕ, ಸುಶ್ರುತರ ಸಂಹಿತೆಗಳು ಸಂಕೋಚವಿಲ್ಲದೆ ಹೆಸರಿಟ್ಟು ಕರೆದದ್ದನ್ನು ನಾವೇಕೆ ಬಾಯಿಬಿಟ್ಟು ಹೇಳಲಾರೆವು?

ಸಮಾಧಾನದ ಸಂಗತಿಯೆಂದರೆ, ಹೊಸದಾಗಿ ಆದ ಸೀಳು ಬಹುಪಾಲು ಮನೆಯ ಆರೈಕೆಯಲ್ಲಿಯೇ ಆರು ವಾರದೊಳಗೆ ಮಾಯುತ್ತದೆ. ಗಾಯವಾದೊಡನೆ ಅಲ್ಲಿನ ಸ್ನಾಯು ನೋವಿಗೆ ಬಿಗಿಯುತ್ತದೆ. ಬಿಗಿದಾಗ ರಕ್ತಸಂಚಾರ ಕುಗ್ಗಿ ಗಾಯ ಮಾಯುವುದಿಲ್ಲ. ನೋವಿಗೆ ಹೆದರಿ ಮಲವನ್ನು ತಡೆದರೆ ಅದು ಇನ್ನಷ್ಟು ಗಟ್ಟಿಯಾಗಿ ಮತ್ತೆ ಸೀಳುತ್ತದೆ. ಈ ವಿಷವರ್ತುಲವನ್ನು ಎರಡು ಕಡೆಯಿಂದ ಮುರಿಯಬೇಕು. ಅಗಲವಾದ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು ತುಂಬಿ, ದಿನಕ್ಕೆ ಎರಡು ಮೂರು ಸಲ, ವಿಶೇಷವಾಗಿ ವಿಸರ್ಜನೆಯ ನಂತರ, ಹತ್ತು ಹದಿನೈದು ನಿಮಿಷ ಕುಳಿತರೆ ಸ್ನಾಯು ಸಡಿಲಗೊಂಡು ನೋವು ಇಳಿಯುತ್ತದೆ. ಬರಿಯ ನೀರು ಸಾಕು. ಉಪ್ಪು, ಕ್ರಿಮಿನಾಶಕಗಳ ಅಗತ್ಯವಿಲ್ಲ. ಇನ್ನೊಂದು ಕಡೆ, ಮಲ ಮೃದುವಾಗಬೇಕು. ದಿನಕ್ಕೆ 25ರಿಂದ 30 ಗ್ರಾಂ ನಾರಿನಂಶ ಊಟದಲ್ಲಿರಬೇಕು: ರಾಗಿ, ಕಾಳು, ಸೊಪ್ಪು, ಸಿಪ್ಪೆಯೊಡನೆ ತಿನ್ನಬಹುದಾದ ಹಣ್ಣು. ಸಾಲದಿದ್ದರೆ ಒಂದೆರಡು ಚಮಚ ಇಸಬ್‌ಗೋಲ್ ಹೊಟ್ಟನ್ನು ಲೋಟದ ತುಂಬ ನೀರಿನೊಡನೆ ತೆಗೆದುಕೊಳ್ಳಬಹುದು. ನೀರು ಕಡಿಮೆಯಾದರೆ ಅದೇ ತೊಂದರೆ ಕೊಟ್ಟೀತು. ಮುಕ್ಕಬಾರದು, ಮೊಬೈಲ್ ಹಿಡಿದು ಅರ್ಧ ಗಂಟೆ ಶೌಚಾಲಯದಲ್ಲಿ ಕೂರಬಾರದು. ಕಮೋಡು ಬಳಸುವವರು ಕಾಲಡಿಗೆ ಗಿಡ್ಡ ಮಣೆಯೊಂದನ್ನು ಇಟ್ಟುಕೊಂಡರೆ ಅನುಕೂಲ.

ಇಷ್ಟು ಸರಳವಾಗಿದ್ದರೆ ಜನ ವರ್ಷಗಟ್ಟಲೆ ನರಳುವುದೇಕೆ? ನನ್ನ ಅಭಿಪ್ರಾಯದಲ್ಲಿ ಉತ್ತರ ಇದು: ಮೇಲೆ ಹೇಳಿದ ಒಂದೊಂದು ಉಪಚಾರಕ್ಕೂ ಮನೆಯವರ ಸಹಕಾರ ಬೇಕು. ಒಂದೇ ಬಚ್ಚಲಿರುವ ಮನೆಯಲ್ಲಿ ಸೊಸೆಯೊಬ್ಬಳು ಬೆಳಗಿನ ಅವಸರದ ಹೊತ್ತಿನಲ್ಲಿ ಕಾಲು ಗಂಟೆ ಬಾಗಿಲು ಹಾಕಿಕೊಂಡರೆ ಹೊರಗಿನಿಂದ ಬಾಗಿಲು ಬಡಿಯುತ್ತಾರೆ. ಏಕೆಂದು ಹೇಳದ ಹೊರತು ಆಕೆಗೆ ಆ ಕಾಲು ಗಂಟೆ ಸಿಗದು. ಅಡುಗೆಯಲ್ಲಿ ಸೊಪ್ಪು, ಕಾಳು ಹೆಚ್ಚಬೇಕಾದರೂ ಯಾರಿಗೋ ತಿಳಿಯಲೇಬೇಕು. ಮನೆಗೆ ತಿಳಿಯದೆ ಮನೆಮದ್ದಿಲ್ಲ. ಗುಟ್ಟಾಗಿ ಮಾಡಿಕೊಳ್ಳಲು ಉಳಿಯುವುದು ಬಸ್ ನಿಲ್ದಾಣದ ಗೋಡೆಯ ಮೇಲಿನ ‘ಆಪರೇಷನ್ ಇಲ್ಲದೆ ಗ್ಯಾರಂಟಿ ಚಿಕಿತ್ಸೆ’ಯೊಂದೇ. ಅಲ್ಲಿ ಹೆಸರು ತಿಳಿಯದ ದ್ರವ ಚುಚ್ಚಿಸಿಕೊಂಡು ಬಂದವರ ಪಾಡು ಮೂಲ ರೋಗಕ್ಕಿಂತ ಘೋರವಾದೀತು.

ಬಾಣಂತಿಯರ ಸಂಗತಿ ಇನ್ನೂ ಕರುಣಾಜನಕ. ಹೆರಿಗೆಯ ನಂತರ ಈ ಸೀಳು ಸಾಮಾನ್ಯ. ನಮ್ಮ ಎಷ್ಟೋ ಮನೆಗಳಲ್ಲಿ ಬಾಣಂತಿಗೆ ನೀರು ಅಳೆದು ಕೊಡುತ್ತಾರೆ. ಸೊಪ್ಪು, ಹಣ್ಣು ಶೀತವೆಂದು ದೂರವಿಡುತ್ತಾರೆ. ಜೊತೆಗೆ ಮಲ ಗಟ್ಟಿಯಾಗಿಸುವ ಕಬ್ಬಿಣಾಂಶದ ಮಾತ್ರೆ. ಪ್ರೀತಿಯಿಂದ ಮಾಡುವ ಪಥ್ಯವೇ ಗಾಯವನ್ನು ಮಾಯಗೊಡುವುದಿಲ್ಲ. ಹಿರಿಯ ತಾಯಂದಿರು ದಯವಿಟ್ಟು ಈ ನೀರಿನ ಕಟ್ಟನ್ನು ಬಿಡಬೇಕು. ಹಾಲೂಡಿಸುವವಳಿಗೆ ನೀರು ಹೆಚ್ಚೇ ಬೇಕು.

ಮೇಷ್ಟರಾಗಿದ್ದವನು ಶಾಲೆಯನ್ನು ಬಿಟ್ಟು ಹೇಗೆ ಬರೆಯಲಿ? ಮಕ್ಕಳಲ್ಲಿ ಈ ವರ್ತುಲ ಬಲುಬೇಗ ಶುರುವಾಗುತ್ತದೆ. ಚಿಲಕವಿಲ್ಲದ ಬಾಗಿಲು, ನೀರಿಲ್ಲದ ನಲ್ಲಿ ಕಂಡ ಮಗು ಬೆಳಗಿನಿಂದ ಸಂಜೆಯವರೆಗೆ ತಡೆದುಕೊಳ್ಳುತ್ತದೆ. ನಾನು ಕೆಲಸ ಮಾಡಿದ ಊರುಗಳಲ್ಲಿ ಹೆಣ್ಣುಮಕ್ಕಳು ತಂದ ನೀರಿನ ಬಾಟಲಿಯನ್ನು ತುಂಬಿದ್ದಂತೆಯೇ ಮನೆಗೆ ಒಯ್ಯುತ್ತಿದ್ದುದನ್ನು ವರ್ಷವರ್ಷವೂ ಕಂಡಿದ್ದೇನೆ. 2019ರಲ್ಲಿ ಕೇರಳದ ಶಾಲೆಗಳಲ್ಲಿ ನೀರು ಕುಡಿಯಲೆಂದೇ ಗಂಟೆ ಬಾರಿಸುವ ಪದ್ಧತಿ ಬಂದು ಎಲ್ಲೆಡೆ ಸುದ್ದಿಯಾಯಿತು. ಗಂಟೆ ಒಳ್ಳೆಯದೇ. ಆದರೆ ಶೌಚಾಲಯ ಸರಿಯಿಲ್ಲದ ಕಡೆ ಗಂಟೆ ಬಾರಿಸಿದರೂ ಮಗು ಕುಡಿಯದು. ಅದರ ಲೆಕ್ಕಾಚಾರ ನಮಗಿಂತ ನಿಖರ.

ಇಷ್ಟು ಹೇಳಿ ಒಂದು ಎಚ್ಚರಿಕೆಯನ್ನೂ ಹೇಳದಿದ್ದರೆ ದ್ರೋಹವಾದೀತು. ಮನೆಯ ಆರೈಕೆಗೆ ಒಂದು ಗಡಿಯಿದೆ. ನೋವಿಲ್ಲದೆ ರಕ್ತ ಹೋದರೆ, ಮಲ ಕಪ್ಪಾದರೆ, ರಕ್ತ ಗಡ್ಡೆಗಡ್ಡೆಯಾಗಿ ಅಥವಾ ಹೆಚ್ಚಾಗಿ ಬಂದರೆ, ಜ್ವರ, ಕೀವು, ಕಾರಣವಿಲ್ಲದ ತೂಕದ ಇಳಿಕೆ ಕಂಡರೆ ಕೂಡಲೇ ವೈದ್ಯರಲ್ಲಿಗೆ ಹೋಗಬೇಕು. ನಲವತ್ತೈದು ದಾಟಿದವರಲ್ಲಿ ಮೊದಲ ಬಾರಿಗೆ ರಕ್ತ ಕಂಡರೆ ಅದನ್ನು ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸಕೂಡದು. ದೊಡ್ಡಕರುಳಿನ ಕ್ಯಾನ್ಸರ್ ಕೂಡ ಹೀಗೆಯೇ ಸುಳಿವು ಕೊಡುತ್ತದೆ. ಆರು ವಾರವಾದರೂ ಮಾಯದಿದ್ದರೆ ಸ್ನಾಯು ಸಡಿಲಿಸುವ ಮುಲಾಮುಗಳಿವೆ, ಕೊನೆಗೆ ಚಿಕ್ಕದೊಂದು ಶಸ್ತ್ರಚಿಕಿತ್ಸೆಯೂ ಇದೆ. ಅವನ್ನು ವೈದ್ಯರೇ ನಿರ್ಧರಿಸಬೇಕು. ಔಷಧದಂಗಡಿಯಲ್ಲಿ ಪಿಸುಗುಟ್ಟಿ ತಂದ ಸ್ಟೀರಾಯ್ಡ್ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ.

ಲಜ್ಜೆ ಮನುಷ್ಯನಿಗೆ ಭೂಷಣವೆಂದು ತರಗತಿಯಲ್ಲಿ ನಾವೆಲ್ಲ ಬೋಧಿಸಿದವರೇ. ಆದರೆ ತಪ್ಪು ಮಾಡಲು ನಾಚಬೇಕೇ ಹೊರತು ನೋಯುತ್ತಿದೆ ಎನ್ನಲು ಅಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಬಚ್ಚಲಿನಿಂದ ಮುಖ ಬಾಡಿಸಿಕೊಂಡು ಹೊರಬರುತ್ತಿದ್ದರೆ, ಕುಳಿತುಕೊಳ್ಳಲು ಹಿಂಜರಿಯುತ್ತಿದ್ದರೆ, ಕೇಳಿ. ಅವರಾಗಿಯೇ ಹೇಳಲಿ ಎಂದು ಕಾಯಬೇಡಿ.