ಗಾಜಿನೆಳೆಯ ಫೋನಿಗೆ ಹೊಣೆ ಯಾರು?

ಅರಸೀಕೆರೆಯ ಎಸ್‌ಟಿಡಿ ಕೋಡು 08174, ಬೇಲೂರು-ಹಳೇಬೀಡಿನದು 08177. ತಾಮ್ರದ ಲ್ಯಾಂಡ್‌ಲೈನ್ ಬಿಟ್ಟು ಫೈಬರ್ ಹಾಕಿಸಿಕೊಂಡವರ ಮನೆಯಲ್ಲೂ ಇದೇ ಕೋಡು, ಎಷ್ಟೋ ಕಡೆ ಅದೇ ಹಳೆಯ ನಂಬರು. ತಂತಿಯೊಂದು ಬದಲಾಯಿತು, ಅಷ್ಟೇ ಅನ್ನಿಸುವುದು ಸಹಜ. ಬೇಲೂರು ತಾಲ್ಲೂಕಿನ ಅರೇಹಳ್ಳಿ, ಬಿಕ್ಕೋಡು ಕಡೆಯ ಕಾಫಿ ತೋಟದವರಿಗೆ ಮಾತ್ರ ಮಳೆಗಾಲ ಬಂದಾಗ ವ್ಯತ್ಯಾಸ ತಿಳಿಯುತ್ತದೆ.

ಹಳೆಯ ಫೋನಿಗೆ ಮನೆಯ ಕರೆಂಟಿನ ಹಂಗಿರಲಿಲ್ಲ. ಎಕ್ಸ್‌ಚೇಂಜಿನ ಬ್ಯಾಟರಿಗಳಿಂದ 48 ವೋಲ್ಟ್ ಅದೇ ಜೋಡಿ ತಂತಿಯಲ್ಲಿ ಬರುತ್ತಿತ್ತು. ಬ್ಯಾಟರಿ ಇಳಿದರೆ ಜನರೇಟರ್. ಊರೆಲ್ಲ ಕತ್ತಲಾದರೂ ಲೈನು ಕಡಿಯದಿದ್ದರೆ ಡಯಲ್ ಟೋನ್ ಕೇಳುತ್ತಿತ್ತು. ಫೈಬರ್ ಎಂಬ ಗಾಜಿನೆಳೆ ಬೆಳಕನ್ನು ತರುತ್ತದೆ, ವಿದ್ಯುತ್ತನ್ನು ತರಲಾರದು. ಆ ಬೆಳಕನ್ನು ಮಾತಾಗಿಸಲು ಗೋಡೆಗೆ ಹೊಡೆದ ಪುಟ್ಟ ಪೆಟ್ಟಿಗೆಗೆ ಕರೆಂಟು, ಯುಪಿಎಸ್ಸು ಎಲ್ಲ ಮನೆಯವರೇ ನೋಡಿಕೊಳ್ಳಬೇಕು. ಮೊಬೈಲ್ ಇದೆಯಲ್ಲ ಎನ್ನುವವರುಂಟು. ಎರಡು ದಿನ ಕರೆಂಟಿಲ್ಲದಾಗ ಟವರಿನ ಬ್ಯಾಟರಿಯೂ ಕೈಕೊಡುತ್ತದೆ ಎಂಬುದು ತೋಟದವರಿಗೆ ಹೊಸ ಸುದ್ದಿಯೇನಲ್ಲ. ಕಂಪನಿ ಹೊತ್ತಿದ್ದ ಒಂದು ಹೊಣೆ ಸದ್ದಿಲ್ಲದೆ ಗ್ರಾಹಕನ ಹೆಗಲೇರಿದೆ, ಯಾರೂ ಅವನನ್ನು ಕೇಳಲಿಲ್ಲ.

ತಾಮ್ರದ ಗುಣಗಾನ ಮಾಡುವ ಆಸೆ ನನಗಿಲ್ಲ. ಸಿಡಿಲು ಅದರಲ್ಲೇ ಮನೆಯೊಳಗೆ ಬರುತ್ತಿತ್ತು, ನೆಲದಡಿಯ ಜಾಯಿಂಟಿಗೆ ನೀರಿಳಿದರೆ ಕರಕರ ಸದ್ದು, ಕೇಬಲ್ ಕಳ್ಳರ ಕಾಟ ಬೇರೆ. ಸಂಪರ್ಕಕ್ಕಾಗಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲವನ್ನು ಸುವರ್ಣಯುಗ ಎನ್ನಲಾಗದು. ಸರ್ಕಾರಿ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದ 128 ಲೈನುಗಳ ಮೊದಲ ಗ್ರಾಮೀಣ ಎಕ್ಸ್‌ಚೇಂಜು ನಮ್ಮ ಕಿತ್ತೂರಿನಲ್ಲಿ 1986ರಲ್ಲಿ ಕೂತ ಮೇಲೆಯೇ ಹಳ್ಳಿಗಳ ಕಡೆ ಫೋನು ಮುಖ ಮಾಡಿದ್ದು. ಆಗ ಫೋನು ಕೊಡುವವರೂ ಕಾನೂನು ಹೇಳುವವರೂ ಒಬ್ಬರೇ, ದೂರಸಂಪರ್ಕ ಇಲಾಖೆ. ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಹುಟ್ಟಿದ್ದು 1997ರಲ್ಲಿ. ಅದು 2009ರಲ್ಲಿ ಮಾಡಿದ ಗುಣಮಟ್ಟದ ನಿಯಮದಲ್ಲಿ ಕೆಟ್ಟ ಫೋನು ಮೂರು ದಿನ ದಾಟಿದರೆ ಏಳು ದಿನದ ಬಾಡಿಗೆ ವಜಾ, ಏಳು ದಿನ ದಾಟಿದರೆ 15 ದಿನದ್ದು ಎಂದಿತ್ತು. ಮೊತ್ತ ಪುಡಿಗಾಸು. ಆದರೂ ಗ್ರಾಹಕ ಕೌಂಟರಿನ ಮುಂದೆ ನಿಂತು ಕೇಳಬಹುದಾದ ಹಕ್ಕು ಅದು.

ಹಾಗಾದರೆ ಫೈಬರ್ ಫೋನು ನಿಯಂತ್ರಣದ ಆಚೆಗಿದೆಯೇ? ಅಮೆರಿಕದಲ್ಲಿ ಜಗಳ ಇದರ ಸುತ್ತಲೇ. ಕೇಳಿದ ಪ್ರತಿ ಮನೆಗೂ ಫೋನು ಕೊಡಲೇಬೇಕೆಂಬ ಕಟ್ಟುಪಾಡಿನಿಂದ ಬಿಡಿಸಿ ಎಂದು ಎಟಿ ಅಂಡ್ ಟಿ ಕಂಪನಿ ಕ್ಯಾಲಿಫೋರ್ನಿಯಾದ ನಿಯಂತ್ರಣ ಆಯೋಗವನ್ನು ಕೇಳಿತು, 2024ರ ಜೂನ್‌ನಲ್ಲಿ ಆಯೋಗ ಒಪ್ಪಲಿಲ್ಲ. ನಮ್ಮಲ್ಲಿ ಚಿತ್ರ ಬೇರೆ. ನಂಬರು ಕೊಟ್ಟು ಫೈಬರ್ ಮೇಲೆ ಮಾತಾಡಿಸುವ ಕಂಪನಿಗೆ ಲೈಸೆನ್ಸ್ ಬೇಕು. 2024ರ ಅಕ್ಟೋಬರಿನಿಂದ ಸ್ಥಿರ ದೂರವಾಣಿ, ಮೊಬೈಲ್, ಬ್ರಾಡ್‌ಬ್ಯಾಂಡ್ ಎಲ್ಲಕ್ಕೂ ಒಂದೇ ಗುಣಮಟ್ಟದ ನಿಯಮಾವಳಿ ಇದೆ. ನಿಜವಾಗಿ ಹೊರಗುಳಿದಿರುವುದು ವಾಟ್ಸ್ಆಪ್ ಥರದ ಕರೆಗಳು; ಅವುಗಳ ಮೇಲೆ ಸದ್ಯಕ್ಕೆ ನಿಯಂತ್ರಣ ಬೇಡವೆಂದು ಟ್ರಾಯ್ 2020ರಲ್ಲಿ ಹೇಳಿತು. ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ರೇಟು ಕೇಳುವುದಕ್ಕೆ ಅದು ಸಾಕು. ಆದರೆ ಅದರಿಂದ ತುರ್ತು ಸಂಖ್ಯೆ 112ಕ್ಕೆ ಕರೆ ಹೋಗದು.

ಹಾಗಾಗಿ ಕಾನೂನೇ ಇಲ್ಲ ಎಂಬ ದೂರು ನನ್ನದಲ್ಲ. ಇರುವ ಕಾನೂನು ಎಣಿಸುತ್ತಿರುವುದೇ ಬೇರೆ. ದೂರು ದಾಖಲಾದ ಮೇಲೆ ರಿಪೇರಿಗೆ ಎಷ್ಟು ಹೊತ್ತು ಹಿಡಿಯಿತು ಎಂದು ಅದು ನೋಡುತ್ತದೆ. ಕರೆಂಟು ಹೋಗಿ ಸತ್ತ ಪೆಟ್ಟಿಗೆಗೆ ದೂರೇ ಇಲ್ಲ, ಅದು ಕೆಟ್ಟಿಲ್ಲವಲ್ಲ! ದುರಸ್ತಿಗೆ ಬರುವವರೂ ಬದಲಾಗಿದ್ದಾರೆ. 2020ರ ಜನವರಿ ಕೊನೆಗೆ ಬಿಎಸ್‌ಎನ್‌ಎಲ್‌ನಿಂದ 78 ಸಾವಿರಕ್ಕೂ ಹೆಚ್ಚು ನೌಕರರು ಸ್ವಯಂನಿವೃತ್ತಿ ಪಡೆದರು. ಮನೆಬಾಗಿಲ ಕೆಲಸ ಈಗ ಬಹುಮಟ್ಟಿಗೆ ಆದಾಯ ಹಂಚಿಕೊಳ್ಳುವ ಸ್ಥಳೀಯ ಪಾಲುದಾರರದ್ದು, ಅವರಲ್ಲಿ ಅನೇಕರು ಹಿಂದೆ ಕೇಬಲ್ ಟಿವಿ ನಡೆಸಿದವರು. ಚುರುಕಾಗಿ ಬರುತ್ತಾರೆ, ಅದನ್ನು ಒಪ್ಪಬೇಕು. ಆದರೆ ಮೂರು ಮೈಲಿಯಾಚೆಯ ಒಂಟಿಮನೆಗೆ ಎಳೆ ಹಾಕಿದರೆ ಅವರಿಗೆ ಗಿಟ್ಟುವುದಿಲ್ಲ. ಗಿಟ್ಟದ ಮನೆಗೂ ಫೋನು ಹೋಗಲೆಂದು ಒಂದು ಕಾಲಕ್ಕೆ ಎಸ್‌ಟಿಡಿ ಕರೆಯ ದುಬಾರಿ ದರ ಹಳ್ಳಿಯ ಬಾಡಿಗೆಯನ್ನು ಹೊರುತ್ತಿತ್ತು. 2002ರಿಂದ ಅದಕ್ಕೆಂದೇ ಸಾರ್ವತ್ರಿಕ ಸೇವಾ ನಿಧಿ ಬಂತು, ಈಗ ಅದರ ಹೆಸರು ಡಿಜಿಟಲ್ ಭಾರತ್ ನಿಧಿ.

ಬ್ರಿಟನ್ನಿನಲ್ಲಿ ಲ್ಯಾಂಡ್‌ಲೈನ್ ಬಿಟ್ಟರೆ ಬೇರೆ ದಾರಿಯಿಲ್ಲದವರಿಗೆ ಕರೆಂಟು ಹೋದಾಗ ಕನಿಷ್ಠ ಒಂದು ಗಂಟೆಯಾದರೂ ತುರ್ತು ಕರೆ ನಡೆಯುವ ವ್ಯವಸ್ಥೆಯನ್ನು ಕಂಪನಿ ಒದಗಿಸಬೇಕು ಎನ್ನುತ್ತದೆ ಅಲ್ಲಿನ ನಿಯಂತ್ರಣ ಪ್ರಾಧಿಕಾರ ಆಫ್‌ಕಾಮ್. ಬಿಕ್ಕೋಡಿನ ಮಳೆಗೆ ಒಂದು ಗಂಟೆ ಯಾವ ಮೂಲೆಗೂ ಸಾಲದು. ಒಂದಿಡೀ ರಾತ್ರಿ ಬಾಳುವ ಬ್ಯಾಟರಿಯನ್ನು, ಸಿಗ್ನಲ್ ಸಿಗದ ಮನೆಗಳಿಗೆ, ಒಂಟಿಯಾಗಿರುವ ವೃದ್ಧರಿಗೆ ಡಿಜಿಟಲ್ ಭಾರತ್ ನಿಧಿಯಿಂದಲೇ ಕೊಡಿಸಬಹುದು. ಅದರ ಭಾರವನ್ನು ಊರಿನ ಪಾಲುದಾರನ ತಲೆಗೆ ಕಟ್ಟಿದರೆ ಅವನು ಅಂಗಡಿ ಮುಚ್ಚುತ್ತಾನೆ, ಆದ್ದರಿಂದ ಹೊಣೆ ಲೈಸೆನ್ಸ್ ಪಡೆದ ಕಂಪನಿಯ ಮೇಲೆಯೇ ಇರಲಿ. ತಾಮ್ರ ಕಿತ್ತು ಫೈಬರ್ ಹಾಕುವ ಮುನ್ನ ಸಹಿ ಮಾಡಿಸಿಕೊಳ್ಳುವ ಅರ್ಜಿಯಲ್ಲಿ, ಕರೆಂಟಿಲ್ಲದಾಗ ಈ ಫೋನು ನಡೆಯದು ಎಂಬ ಒಂದು ಸಾಲು ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಇರಬೇಕು. ಇದಕ್ಕೆ ನಿಧಿಯೂ ಬೇಡ, ಹೊಸ ಕಾಯ್ದೆಯೂ ಬೇಡ.