ಎರಡು ದಿನದ ಅಪರಾಧ

ಯಾದಗಿರಿ ಜಿಲ್ಲೆಯ ಕೊಂಕಲ್‌ನಲ್ಲಿ ಬೇವಿನ ಮರದ ಕೆಳಗೊಂದು ಕಟ್ಟೆಯುಂಟು. ಊರಿನ ವ್ಯವಹಾರ ಪಂಚಾಯಿತಿಯಲ್ಲಿ ನಡೆದರೂ ಊರಿನ ತೀರ್ಪು ಹೊರಬೀಳುವುದು ಆ ಕಟ್ಟೆಯ ಮೇಲೆ. ಕಳೆದ ಸಲ ಬಂಧುಗಳ ಮನೆಗೆಂದು ಹೋದಾಗ ಅಲ್ಲೊಂದು ಮೊಕದ್ದಮೆಯ ವಿಚಾರಣೆ ನಡೆದಿತ್ತು. ಆರೋಪಿಗಳು ಗಂಡ-ಹೆಂಡಿರಿಬ್ಬರು. ಗಂಡ ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿ. ಈಗ ಊರಲ್ಲೇ ಕಿರಾಣಿ ಅಂಗಡಿ ಇಟ್ಟಿದ್ದಾನೆ. ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕುಳಿತು ಊರವರ ಕುಪ್ಪಸ ಹೊಲಿಯುತ್ತಾಳೆ. ಮದುವೆಯಾಗಿ ಹನ್ನೊಂದು ವರ್ಷ; ಮಕ್ಕಳು ಎರಡು. ಅವರು ಮಾಡಿದ ತಪ್ಪು ಇಷ್ಟೆ: ತೊಗರಿ ರಾಶಿ ಮುಗಿದ ಮೇಲೆ ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು, ಯಾದಗಿರಿಯಲ್ಲಿ ರಾತ್ರಿಯ ರೈಲು ಹತ್ತಿ, ಬೆಂಗಳೂರಿನಲ್ಲಿ ಇಳಿದು, ಮೈಸೂರು ರಸ್ತೆಯಲ್ಲಿ ಬಿಡದಿಯ ಬಳಿ ಇರುವ ವಂಡರ್‌ಲಾ ಎಂಬ ವಿನೋದವನಕ್ಕೆ ಹೋಗಿ, ಅಲ್ಲಿಯ ರಿಸಾರ್ಟಿನಲ್ಲಿ ಒಂದು ರಾತ್ರಿ ತಂಗಿ, ಎರಡು ದಿನ ಆಡಿ ಬಂದರು.

"ಯಾ ದೇವ್ರಿಗಿ ಹೋಗಿದ್ರೆಪಾ?" ಎಂದು ಕಟ್ಟೆಯ ಹಿರಿಯರೊಬ್ಬರು ಕೇಳಿದರು.

"ದೇವ್ರಿಗಲ್ಲ ಮುತ್ಯಾ, ಸುಮ್ಮನ ಹೋಗಿದ್ವಿ."

"ಸುಮ್ಮನ ಅಂದ್ರ?"

ಈ ಮರುಪ್ರಶ್ನೆಗೆ ಅವನಲ್ಲಿ ಉತ್ತರವಿರಲಿಲ್ಲ. ತಲೆ ತಗ್ಗಿಸಿ ನಕ್ಕು ಅಂಗಡಿಯ ಕಡೆ ನಡೆದ. ಅವನಿಗೆ ಕನ್ನಡ ಕಲಿಸಿದವನು ನಾನು. ಬೇಕಾದ ಹೊತ್ತಿಗೆ ಅವನಿಗೆ ಮಾತು ಒದಗದೆ ಹೋದುದರಲ್ಲಿ ನನ್ನ ಪಾಲೂ ಉಂಟು. ಆದ್ದರಿಂದ ಅವನ ವಕಾಲತ್ತನ್ನು, ಅವನು ಕೇಳದಿದ್ದರೂ, ನಾನು ವಹಿಸಿಕೊಂಡಿದ್ದೇನೆ.

ಆರೋಪಗಳು ಮೂರು. ಒಂದು, ದುಡ್ಡು ಹಾಳು ಮಾಡಿದರು. ಎರಡು, ಮರ್ಯಾದೆ ಬಿಟ್ಟರು. ಮೂರನೆಯದು ಕಟ್ಟೆಯಲ್ಲಿ ಹುಟ್ಟಿದ್ದಲ್ಲ. ನನ್ನಂಥ ಓದಿದವರು ಪಟ್ಟಣದಲ್ಲಿ ಚಹಾ ಕುಡಿಯುತ್ತ ಹೊರಿಸುವಂಥದು: ಕಾಂಕ್ರೀಟಿನ ಕೊಳ, ಯಂತ್ರದ ಅಲೆ, ಬಣ್ಣ ಬಳಿದ ಜಾರುಬಂಡೆ, ಇದೆಂಥ ಕೃತಕ ಸುಖ? ನಮ್ಮಲ್ಲಿ ಕೃಷ್ಣೆ ಇಲ್ಲವೆ, ಭೀಮೆ ಇಲ್ಲವೆ?

ಮೊದಲು ದುಡ್ಡಿನ ಮಾತು. ಇದೇ ಕಟ್ಟೆ ಮಗಳ ಮದುವೆಗೆ ಸಾಲ ಮಾಡಿದವನನ್ನು ಹೊಗಳುತ್ತದೆ. ಗೃಹಪ್ರವೇಶಕ್ಕೆ ಊರಿಗೆಲ್ಲ ಊಟ ಹಾಕಿಸಿ ಮೂರು ವರ್ಷ ಬಡ್ಡಿ ಕಟ್ಟಿದವನನ್ನು ದೊಡ್ಡ ಮನಸ್ಸಿನವನೆನ್ನುತ್ತದೆ. ಹತ್ತು ಜನ ನೋಡುವಂತೆ ಖರ್ಚಾದ ಹಣ ಸಾರ್ಥಕ. ಇಬ್ಬರೇ ಅನುಭವಿಸಿದ ಹಣ ದಂಡ. ಲೆಕ್ಕದ ಈ ರೀತಿ ನನಗೆ ತಿಳಿಯದು. ಅವರು ಸಾಲ ಮಾಡಿರಲಿಲ್ಲ. ಕುಪ್ಪಸದ ಹೊಲಿಗೆಯಲ್ಲಿ ಉಳಿದುದನ್ನು ಅವಳು ಎರಡು ವರ್ಷ ಡಬ್ಬಿಯಲ್ಲಿ ಕೂಡಿಟ್ಟಿದ್ದಳು. ತನ್ನ ಕೈಯ ದುಡಿಮೆಯನ್ನು ತನ್ನ ಸಂತೋಷಕ್ಕೆ ಖರ್ಚು ಮಾಡುವ ಹಕ್ಕು ಒಬ್ಬ ಹೆಂಗಸಿಗೆ ಇಲ್ಲವೆಂದರೆ, ಆ ದುಡಿಮೆಯನ್ನು ಅವಳದೆಂದು ಕರೆಯುವುದೇಕೆ?

ದೇವರಿಗೆ ಹೋಗಿದ್ದರೆ ಯಾರೂ ಕೇಳುತ್ತಿರಲಿಲ್ಲ, ಅದು ನಿಜ. ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ನಮ್ಮ ಸೀಮೆಯ ಜನ ಹೋಗುತ್ತಾರೆ. ತೆಲಂಗಾಣ, ಆಂಧ್ರಗಳಿಂದಲೂ ಬರುತ್ತಾರೆ. ಭಂಡಾರದಲ್ಲಿ ಬೆಟ್ಟವೇ ಹಳದಿಯಾಗುತ್ತದೆ. ಸರಪಳಿ ಹರಿಯುವುದನ್ನು ಜನ ಉಸಿರು ಹಿಡಿದು ನೋಡುತ್ತಾರೆ. ಆದರೆ ಜಾತ್ರೆಗಳಿಗೆ ಹೋದವರೆಲ್ಲ ದರ್ಶನವಷ್ಟೇ ಮಾಡಿ ಬಂದವರೆ? ತೊಟ್ಟಿಲಲ್ಲಿ ಕುಳಿತು ಮೇಲೇರಿದವರಾರು, ಬಳೆ ಇಡಿಸಿಕೊಂಡವರಾರು, ಬೆಂಡು-ಬತ್ತಾಸು ಕಟ್ಟಿಸಿಕೊಂಡವರಾರು? ನಮ್ಮ ಹಿರಿಯರು ವಿನೋದವನ್ನು ಬಲ್ಲವರು. ಬರಿಯ ವಿನೋದವೆಂದು ಹೇಳುವ ಎದೆ ಸಾಲದೆ, ಅದರ ಮೇಲೊಂದು ಹರಕೆಯ ವಲ್ಲಿ ಹೊದಿಸಿದರು. ಈ ದಂಪತಿಗಳು ವಲ್ಲಿ ಹೊದಿಸದೆ ಹೋದರು. ಅಪರಾಧವೆಂದರೆ ಅದೇ: ಸುಖವನ್ನು ಸುಖವೆಂದೇ ಕರೆದರು.

ಇನ್ನು ಮರ್ಯಾದೆ. ಅಲ್ಲಿ ನೀರಿಗಿಳಿಯಲು ನೈಲಾನಿನ ಉಡುಪು ತೊಡಬೇಕೆಂಬ ನಿಯಮವುಂಟು, ಇವಳೂ ತೊಟ್ಟಳಂತೆ. ಸುದ್ದಿ ಕಟ್ಟೆಗೆ ಹೇಗೆ ಬಂತೋ, ಬಂದಿತ್ತು. ಊರ ಜನ ಅದನ್ನೇ ಚಪ್ಪರಿಸುತ್ತಿದ್ದರು. ನಾನು ಅವರ ಮನೆಗೆ ಹೋಗಿ ಕುಳಿತಾಗ ಅವಳು ಹೇಳಿದ್ದು ಬೇರೆಯೇ.

"ನಾ ಮಾಡದಿರೋ ಚಾ ಎರಡು ದಿನ ಕುಡದೀನ್ರಿ ಸರ," ಎಂದಳು. ಸ್ವಲ್ಪ ತಡೆದು, "ಆ ಜಾರುಬಂಡಿ ಮ್ಯಾಲಿಂದ ಬೀಳುವಾಗ ಜೋರ್ಲೆ ಒದರಿನ್ರಿ. ಯಾಕ ಒದರ್ತಿ ಅಂತ ಯಾರೂ ಕೇಳ್ಲಿಲ್ಲ," ಎಂದಳು.

ಓದುಗರು ಈ ಎರಡು ಮಾತುಗಳನ್ನು ತಮ್ಮ ತಮ್ಮ ಮನೆಗಳಲ್ಲಿಟ್ಟು ಸ್ವಲ್ಪ ತೂಗಿ ನೋಡಬೇಕು. ಹನ್ನೊಂದು ವರ್ಷಗಳಲ್ಲಿ ಈ ಹೆಂಗಸು ಗಂಟಲು ಬಿಟ್ಟು ಕೂಗಿದ್ದು ಯಾವಾಗ? ಎರಡು ಹೆರಿಗೆಗಳಲ್ಲಿ, ಮಾವ ತೀರಿಕೊಂಡ ದಿನ. ನೋವಿಗೆ ಕೂಗಲು, ಸಾವಿಗೆ ಅಳಲು ನಮ್ಮ ಊರುಗಳಲ್ಲಿ ಹೆಣ್ಣಿಗೆ ಪೂರ್ಣ ಅನುಮತಿಯುಂಟು. ಸಂತೋಷಕ್ಕೆ ಕೂಗಲು ಅವಳು ಯಾದಗಿರಿಯಿಂದ ರಾತ್ರಿಯಿಡೀ ಪ್ರಯಾಣ ಮಾಡಬೇಕಾಯಿತು. ಮರ್ಯಾದೆ ಹೋಯಿತೆನ್ನುವುದಾದರೆ ಯಾರದು ಹೋಯಿತು?

ನಮ್ಮ ಮನೆಗಳ ಕಟ್ಟಣವೇ ಅಂಥದು. ಪಡಸಾಲೆ ಹಿರಿಯರದು, ಅಡಿಗೆಮನೆ ಕೆಲಸದ್ದು, ಅಂಗಳ ದನಕರುಗಳದ್ದು. ಗಂಡ-ಹೆಂಡತಿ ಎದುರೆದುರು ಕುಳಿತು ಅರ್ಧ ಗಂಟೆ ಮಾತಾಡುವ ಜಾಗವನ್ನು ಯಾವ ಬಡಗಿಯೂ, ಯಾವ ಗೌಂಡಿಯೂ ನಮಗೆ ಕಟ್ಟಿಕೊಡಲಿಲ್ಲ; ನಾವು ಕೇಳಲೂ ಇಲ್ಲ. ಇದನ್ನು ಸಂಸ್ಕೃತಿಯೆನ್ನುವವರು ಸುರಪುರ ಸೀಮೆಯ ಮುದನೂರನ್ನು ನೆನೆಯಲಿ. ಅದು ನೇಕಾರ ದೇವರ ದಾಸಿಮಯ್ಯನ ಊರು. ಅವನ ಹೆಸರಿನೊಡನೆ ಮಡದಿ ದುಗ್ಗಳೆಯ ಹೆಸರನ್ನು ಹೇಳದೆ ಇಂದಿಗೂ ಯಾರೂ ಮುಂದೆ ಹೋಗುವುದಿಲ್ಲ. ಸತಿಪತಿಗಳ ಕೂಡುಬಾಳು ಭಕ್ತಿಗೆ ಕುಂದಲ್ಲ, ಭಕ್ತಿಯ ಪೂರ್ಣತೆಯೆಂದು ಬಗೆದ ವಚನಕಾರ ನಮ್ಮ ಜಿಲ್ಲೆಯವನು. ಅವನ ಜಿಲ್ಲೆಯಲ್ಲಿ ಗಂಡ-ಹೆಂಡಿರು ಜೊತೆಯಾಗಿ ನಡೆದರೆ ಹಿಂದಿನಿಂದ ಕೆಮ್ಮುವ ಜನ ನಾವು.

ಮೂರನೆಯ ಆರೋಪಕ್ಕೆ ಬರೋಣ. ಇದು ಸಭ್ಯವಾದದ್ದು, ಆದ್ದರಿಂದ ಹೆಚ್ಚು ಅಪಾಯದ್ದು. ವಂಡರ್‌ಲಾ ಬಿಡದಿಯ ಬಳಿ 2005ರಲ್ಲಿ ತೆರೆದದ್ದು. ಸುಮಾರು 82 ಎಕರೆ. ರಿಸಾರ್ಟು ಬಂದದ್ದು 2012ರಲ್ಲಿ. ಅಲ್ಲಿ ಅಲೆಯೆಬ್ಬಿಸುವುದು ಗಾಳಿಯಲ್ಲ, ಯಂತ್ರ. ಮಳೆ ಸುರಿಯುವುದು ಮುಗಿಲಿನಿಂದಲ್ಲ, ನಳಿಗೆಯಿಂದ. ಒಪ್ಪಿದೆ. ಆದರೆ ಕೃತಕವೆಂಬ ಕಾರಣಕ್ಕೇ ಹೀನವಾಗುವುದಾದರೆ ಕನ್ನಂಬಾಡಿಯ ಬೃಂದಾವನ ಏನಾಯಿತು? ದಿವಾನ್ ಮಿರ್ಜಾ ಇಸ್ಮಾಯಿಲರು 1927ರಲ್ಲಿ ಕೆಲಸಕ್ಕೆ ಕೈಹಾಕಿಸಿ 1932ರ ಹೊತ್ತಿಗೆ ಸಿದ್ಧಗೊಳಿಸಿದ ಆ ತೋಟದಲ್ಲಿ ಕಾರಂಜಿ ತಾನಾಗಿ ಚಿಮ್ಮಿತೆ? ಬಣ್ಣದ ದೀಪ ಮರದಲ್ಲಿ ಕಾಯಿಬಿಟ್ಟಿತ್ತೆ? ಅಲ್ಲಿ ಕೈಹಿಡಿದು ಅಡ್ಡಾಡದ ಹೊಸ ದಂಪತಿಗಳುಂಟೆ, ಅಲ್ಲಿ ಹಾಡದ ಚಲಚ್ಚಿತ್ರದ ನಾಯಕ-ನಾಯಿಕೆಯರುಂಟೆ? ಮೈಸೂರಿನ ಕೃತಕತೆಗೆ ರಸಿಕತೆಯೆಂದು ಹೆಸರು. ಕೊಂಕಲ್‌ನ ಕಿರಾಣಿ ಅಂಗಡಿಯವನು ಅದೇ ಬಗೆಯ ಸುಖಕ್ಕೆ ಟಿಕೇಟು ಕೊಂಡರೆ ಅಭಿರುಚಿಯ ಅಧಃಪತನ!

ನಮ್ಮಲ್ಲಿ ನದಿಯಿಲ್ಲವೆ ಎನ್ನುತ್ತೀರಿ. ಧಾರಾಳವಾಗಿ ಉಂಟು. ಕೃಷ್ಣೆಗೆ ನಾರಾಯಣಪುರದಲ್ಲಿ ಕಟ್ಟಿದ ಬಸವಸಾಗರ 1982ರಲ್ಲಿ ಪೂರ್ಣಗೊಂಡು ಹೊಲಗಳಿಗೆ ನೀರು ಕೊಟ್ಟಿತು. ಅಲ್ಲೇ ಹತ್ತಿರದಲ್ಲಿ ಛಾಯಾ ಭಗವತಿಯ ಬಂಡೆಗಳ ನಡುವೆ ಹೊಳೆ ಭೋರ್ಗರೆಯುವುದನ್ನು ನೋಡಿದವನು ಮರೆಯಲಾರ. ಶಹಾಪುರದ ಗುಡ್ಡಸಾಲು ಮಲಗಿದ ಬುದ್ಧನಂತೆ ಕಾಣುತ್ತದೆ. ಯಾದಗಿರಿಯ ಕೋಟೆ ಊರಿನ ನೆತ್ತಿಯ ಮೇಲೆಯೇ ಇದೆ. ಸುರಪುರದಲ್ಲಿ ಮೆಡೋಸ್ ಟೇಲರ್ ಕಟ್ಟಿಸಿದ ಮನೆ ಇಂದಿಗೂ ನಿಂತಿದೆ. ಇವೆಲ್ಲ ಸತ್ಯವಾದ ಸೌಂದರ್ಯ. ಆದರೆ ಹೊಳೆಗಿಳಿದ ಹೆಣ್ಣುಮಗಳು ಒದ್ದೆ ಸೀರೆ ಬದಲಿಸುವುದೆಲ್ಲಿ? ಸಂಜೆಯಾದರೆ ಊರಿಗೆ ಬಸ್ಸು ಯಾವುದು? ಕೋಟೆ ಹತ್ತುವ ಜೋಡಿಯನ್ನು ಕಂಡು ಸಿಳ್ಳೆ ಹಾಕುವ ಪೋರರನ್ನು ಗದರಿಸುವವರಾರು? ನನ್ನ ಹೆಂಡತಿಯೊಡನೆ ಒಮ್ಮೆ ಹೊಳೆದಂಡೆಯಲ್ಲಿ ಕುಳಿತಿದ್ದಾಗ ಹಾದಿಹೋಕನೊಬ್ಬ, "ಏನ್ ಸರ, ಏನಾರ ತ್ರಾಸ ಆಗ್ಯದೇನು?" ಎಂದು ವಿಚಾರಿಸಿದ. ಅವನ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಗಂಡ-ಹೆಂಡತಿ ಸುಮ್ಮನೆ ಕುಳಿತಿದ್ದಾರೆಂದರೆ ಏನೋ ಕೆಟ್ಟದ್ದು ನಡೆದಿರಬೇಕೆಂಬುದು ಅವನ ಸಹಜ ಊಹೆ.

ನಿಸರ್ಗದಲ್ಲಿ ಹೆಣ್ಣಿಗೆ ಬಿಡುವಿಲ್ಲ. ಟಿಕೇಟಿನ ಬಾಗಿಲ ಒಳಗೆ ಬಿಡುವುಂಟು. ಬಟ್ಟೆ ಬದಲಿಸುವ ಕೋಣೆಯುಂಟು, ಕಾವಲಿನವರುಂಟು, ನೀವು ಯಾರ ಮನೆಯವರೆಂದು ಕೇಳುವವರಿಲ್ಲ. ಅವಳು ಕೃತಕವಾದ ಅಲೆಯನ್ನು ಮೆಚ್ಚಿ ಅಷ್ಟು ದೂರ ಹೋದಳೆಂದು ತಿಳಿಯಬೇಡಿ. ತಲೆಯ ಮೇಲಿನ ಸೆರಗನ್ನು ಎರಡು ದಿನ ಮರೆಯಲು ಹೋದಳು.

ಹೀಗೆಂದ ಮಾತ್ರಕ್ಕೆ ನಾನು ವಿನೋದವನಗಳ ದಲ್ಲಾಳಿಯಲ್ಲ. ಅದು ವ್ಯಾಪಾರ. ಅಲ್ಲಿ ಬಿಡುವಿಗೂ ಗಡಿಯಾರವುಂಟು: ಕೊಟ್ಟ ಹಣಕ್ಕೆ ಎಲ್ಲ ಆಟಗಳನ್ನೂ ಮುಗಿಸಬೇಕೆಂದು ಸಾಲಿನಿಂದ ಸಾಲಿಗೆ ಓಡುವ ಜನಕ್ಕೆ ವಿಶ್ರಾಂತಿಯೂ ಒಂದು ಕೂಲಿಯ ಕೆಲಸವಾಗುತ್ತದೆ. ನನ್ನ ವಿದ್ಯಾರ್ಥಿಯೇ, "ಮೊದಲನೇ ದಿನ ಓಡಿ ಓಡಿ ಸಾಕಾಯ್ತು ಸರ, ಎರಡನೇ ದಿನ ಒಂದು ಕಡಿ ಕುಂತ್ವಿ," ಎಂದ. ಕುಳಿತದ್ದೇ ಅವರಿಗೆ ಹೆಚ್ಚು ನೆನಪಿನಲ್ಲಿದೆ. ಕುಳಿತುಕೊಳ್ಳುವ ಸುಖ ದುಡ್ಡಿದ್ದವರಿಗೆ ಮಾತ್ರ ಸಿಗುವಂತಾಗಿದೆಯೆಂಬುದೇ ನನ್ನ ತಕರಾರು.

ದುಡ್ಡಿಲ್ಲದವರ ಕಥೆ ನಮ್ಮ ಜಿಲ್ಲೆಗೆ ಹೊಸದಲ್ಲ. ಕೆಲಸವಿಲ್ಲದ ತಿಂಗಳುಗಳಲ್ಲಿ ನಮ್ಮ ಹಳ್ಳಿಗಳಿಂದ ಜನ ಗುಳೆ ಹೋಗುತ್ತಾರೆ. ಗಂಡ-ಹೆಂಡತಿ ಜೊತೆಯಾಗಿ, ಗಂಟು-ಮೂಟೆ ಹೊತ್ತು, ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು, ಬೆಂಗಳೂರಿಗೋ ಹೈದರಾಬಾದಿಗೋ ಮುಂಬಯಿಗೋ ಹೋಗಿ, ತಗಡಿನ ಶೆಡ್ಡಿನಲ್ಲಿ ಮಲಗಿ, ಪಟ್ಟಣದವರ ಮಹಡಿಗಳಿಗೆ ಕಾಂಕ್ರೀಟು ಹೊರುತ್ತಾರೆ. ರೈಲು ಅದೇ, ಊರು ಬಿಡುವ ರೀತಿಯೂ ಅದೇ. ಆದರೆ ಅವರನ್ನು ಯಾವ ಕಟ್ಟೆಯೂ "ಯಾ ದೇವ್ರಿಗಿ?" ಎಂದು ಕೇಳಿದ್ದಿಲ್ಲ. ಗಂಡ-ಹೆಂಡತಿ ದುಡಿಯಲು ಜೊತೆಯಾಗಿ ಹೋದರೆ ನಮಗೆ ಅಭ್ಯಂತರವಿಲ್ಲ. ನಗಲು ಜೊತೆಯಾಗಿ ಹೋದರೆ ವಿಚಾರಣೆ. ಇದು ಸಂಸ್ಕೃತಿಯ ಕಾಳಜಿಯಲ್ಲ. ಬಡವನ ಮೈ ಇರುವುದು ದುಡಿಮೆಗೆ ಮಾತ್ರವೆಂಬ ಹಳೆಯ ಧಣಿಯ ಬುದ್ಧಿ. ಧಣಿಗಳು ಹೋದರೂ ಅವರ ಬುದ್ಧಿ ನಮ್ಮ ತಲೆಯಲ್ಲಿ ಬಾಡಿಗೆಯಿಲ್ಲದೆ ಉಳಿದುಕೊಂಡಿದೆ.

ಕಾಯಕವೇ ಕೈಲಾಸವೆಂದು ಇಲ್ಲಿ ಯಾರಾದರೂ ತಡೆಯಬಹುದು. ಕಾಯಕಕ್ಕೆ ಘನತೆ ತಂದವರ ಮಾತನ್ನು ಬಿಡುವಿನ ಮೇಲೆ ಬೀಸುವ ಚಾಟಿ ಮಾಡುವುದು ಅವರಿಗೆ ಸಲ್ಲಿಸುವ ಗೌರವವಲ್ಲ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 43ನೆಯ ವಿಧಿ ದುಡಿಯುವವರಿಗೆ ಜೀವನಕ್ಕೆ ಸಾಲುವ ಕೂಲಿಯ ಜೊತೆಗೆ ಬಿಡುವಿನ ಪೂರ್ಣ ಅನುಭವವೂ ದೊರೆಯುವಂತೆ ಮಾಡಲು ಸರಕಾರ ಯತ್ನಿಸಬೇಕೆನ್ನುತ್ತದೆ. 1948ರ ವಿಶ್ವ ಮಾನವ ಹಕ್ಕುಗಳ ಘೋಷಣೆಯ 24ನೆಯ ವಿಧಿಯೂ ವಿಶ್ರಾಂತಿಯನ್ನು ಹಕ್ಕೆಂದೇ ಎಣಿಸಿದೆ. ಸಂವಿಧಾನದ ಆ ವಿಧಿ ನಿರ್ದೇಶಕ ತತ್ವ. ನ್ಯಾಯಾಲಯದಲ್ಲಿ ಅದನ್ನು ಹಿಡಿದು ಜಗ್ಗಲಾಗದು. ಆದರೆ ಬರೆದವರು ಬಿಡುವೆಂಬ ಮಾತನ್ನು ಕೂಲಿಯ ಪಕ್ಕದಲ್ಲೇ ಕೂರಿಸಿದರಲ್ಲ, ಅದು ಯೋಚಿಸತಕ್ಕ ಸಂಗತಿ.

ಯಾದಗಿರಿ ಜಿಲ್ಲೆಯಾದದ್ದು 2009ರ ಕೊನೆಯಲ್ಲಿ. ಆಮೇಲೆ ಕಚೇರಿಗಳು ಎದ್ದವು, ಫಲಕಗಳು ಬಂದವು, ಬಂದದ್ದು ಒಳ್ಳೆಯದು. ಇನ್ನು ನಾನು ಕೇಳುವುದು ಎಂಬತ್ತೆರಡು ಎಕರೆಯನ್ನಲ್ಲ. ಹೊಳೆದಂಡೆಯಲ್ಲಿ ಹೆಂಗಸರಿಗೆ ಬಾಗಿಲಿರುವ ಒಂದು ಕೋಣೆ, ಕೋಟೆಯ ದಾರಿಯಲ್ಲಿ ನಾಲ್ಕು ದೀಪ, ಕೂರಲು ಕಲ್ಲಿನ ಆಸನ, ಕತ್ತಲಾದ ಮೇಲೆ ಹಳ್ಳಿಗೆ ಮರಳುವ ಒಂದು ಬಸ್ಸು. ಇಷ್ಟಾದರೆ ಡಬ್ಬಿಯಲ್ಲಿ ಎರಡು ವರ್ಷ ಹಣ ಕೂಡಿಡದ ಹೆಂಗಸಿಗೂ ಒಂದು ಸಂಜೆ ದೊರೆತೀತು. ಇಷ್ಟನ್ನೂ ಕೊಡಲಾರದ ನಾವು, ದೂರ ಹೋಗಿ ಕೊಂಡುಕೊಂಡವರನ್ನು ಹಂಗಿಸಬಾರದು.

ಕಟ್ಟೆಯ ಹಿರಿಯರಲ್ಲಿ ನನ್ನದೊಂದೇ ಬಿನ್ನಹ. ಇನ್ನೊಮ್ಮೆ ಊರಿನ ಯಾವ ಗಂಡ-ಹೆಂಡತಿಯಾದರೂ ಹೀಗೆ ಹೋಗಿ ಬಂದರೆ, ಯಾವ ದೇವರಿಗೆಂದು ಕೇಳಬೇಡಿ. "ಚಲೋ ಇತ್ತೇನಪಾ?" ಎಂದು ಕೇಳಿ. ಆ ಪ್ರಶ್ನೆಗೆ ಉತ್ತರ ಕೊಡಲು ನನ್ನ ವಿದ್ಯಾರ್ಥಿ ತಲೆ ತಗ್ಗಿಸಬೇಕಾಗುವುದಿಲ್ಲ.